ಕೆಚ್ಚು ಮುಗಿಯುವುದರೊಳಗೆ

ಬೂದಿ ಒಣಗಿತ್ತು, ಎಳೆ ಜಾರಿತು, ಕುಪ್ಪುಸ್ವಾಮಿ ಮತ್ತೆ ತೆಂಗಿನ ಚಿಪ್ಪಿನೊಳಗೆ ಬೆರಳು ಅದ್ದಿದ — ಹೆಬ್ಬೆರಳಿಗೆ ಒಂದಿಷ್ಟು, ತೋರುಬೆರಳಿಗೆ ಒಂದಿಷ್ಟು, ಹಳೆಯ ಹಾಸಿನ ತುದಿ ಒಂದು, ಹೊಸ ಹಾಸಿನ ತುದಿ ಒಂದು, ಎರಡನ್ನೂ ಸೇರಿಸಿ ಒಂದು ತಿರುವು, ಮಡಿಸಿ ಇನ್ನೊಂದು ತಿರುವು, ಎಳೆದು ನೋಡಿದರೆ ನಿಂತಿತು, ಸರಿ, ಮುಂದಿನದು. ಮೂರು ವರ್ಷದ ಮೇಲೆ ಮಗ್ಗದ ಗುಂಡಿಯ ಪಕ್ಕ ಕೂತಿದ್ದಾನೆ, ತಿರುಚಿರಾಪಳ್ಳಿಗೆ ಹೋಗಿ ಬಿ.ಎ. ಪಾಸು ಮಾಡಿಕೊಂಡು ಬಂದ ಕೈ, ಒಂದು ವರ್ಷ ಸೀಮೆಸುಣ್ಣ ಹಿಡಿದ ಕೈ, ಆದರೂ ಬೆರಳಿಗೆ ಕೆಲಸ ನೆನಪಿದೆ, ಬೆರಳಿಗಿರುವ ಬುದ್ಧಿ ತಲೆಗೆ ಇದ್ದಿದ್ದರೆ ಇಷ್ಟು ಹೊತ್ತಿಗೆ ತೀರ್ಮಾನ ಆಗಿಹೋಗುತ್ತಿತ್ತು. ನೇಯ್ದು ಮುಗಿದ ಹಾಸನ್ನು ಪೂರ್ತಿ ಕಿತ್ತುಬಿಡುವ ನೇಕಾರ ಸೇಲಂನ ಈ ಅಮ್ಮಾಪೇಟೆಯಲ್ಲಿ ಒಬ್ಬನೂ ಇಲ್ಲ, ಗೇಣುದ್ದ ತುದಿಯನ್ನು ಎಳೆ ಹಾಯುವ ಬಾಚಣಿಗೆಯಂಥ ಅಚ್ಚಿನಲ್ಲೇ ಉಳಿಸುತ್ತಾರೆ, ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಹೊಸೆದು ಕೂಡಿಸುತ್ತಾರೆ, ಇದೇ ಕೆಚ್ಚು — ಎಡಗಡೆಯಿಂದ ಅಕ್ಕ ಈಶ್ವರಿ, ಬಲಗಡೆಯಿಂದ ಅವನು, ನಡುವೆ ಎಲ್ಲೋ ಇಬ್ಬರ ಕೈ ಕೂಡಬೇಕು. ಹದಿನಾರು ಪುಂಜದ ಹಾಸು, ಪುಂಜಕ್ಕೆ ನೂರಿಪ್ಪತ್ತು ಎಳೆ, ಎಲ್ಲಾ ಸೇರಿ ಸಾವಿರದ ಒಂಬೈನೂರ ಇಪ್ಪತ್ತು, ಅರ್ಧ ಮಾಡಿದರೆ ತಲೆಗೆ ಒಂಬೈನೂರ ಅರವತ್ತು, ಆದರೆ ಅರ್ಧ ಎನ್ನುವುದು ಬರೀ ಕಾಗದದ ಮೇಲೆ, ಅವನು ಎರಡು ಪುಂಜ ಮುಗಿಸುವಷ್ಟರಲ್ಲಿ ಅವಳ ಮುಂದೆ ಐದು ಹುಣಿಸೆಬೀಜ ಕೂತಿವೆ, ಪುಂಜ ಮುಗಿದರೆ ಬೀಜ ಒಂದು. ಅವಳ ಗಂಡನ ಮನೆ ಎರಡು ಬೀದಿ ಆಚೆ, ಆದರೂ ಕೆಚ್ಚು ಎಂದರೆ ಬೀದಿ ಬೀದಿಯವರೂ ಈಶ್ವರಿಯನ್ನು ಕರೀರಿ ಎನ್ನುತ್ತಾರೆ, ಅವಳ ಕೈಯ ಎಳೆ ಮಗ್ಗದಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಕಿಟಕಿಯ ಕೆಳಗೆ ನೂಲಿನ ಪೆಟ್ಟಿಗೆ, ಅದರ ಮೇಲೆ ತೂಕದ ಕಲ್ಲು, ಕಲ್ಲಿನ ಅಡಿಯಲ್ಲಿ ಎರಡು ಅರ್ಜಿ, ಗಾಳಿಗೆ ಅಂಚು ಏಳುತ್ತದೆ, ಬೀಳುತ್ತದೆ, ಒಂದು ಬಿ.ಎಲ್. — ವಕೀಲನಾಗುವ ಓದು, ಇನ್ನೊಂದು ಎಲ್.ಟಿ. — ಮೇಷ್ಟ್ರಾಗುವ ಓದು, ಎರಡಕ್ಕೂ ಸೋಮವಾರವೇ ಕೊನೆ, ಇವತ್ತು ಶನಿವಾರ, ಎರಡೂವರೆಯ ರೈಲು ಹತ್ತಿದರೆ ನಾಳೆ ಮದ್ರಾಸಿನಲ್ಲಿ ಇಳಿಯಬಹುದು, ಆದರೆ ಎರಡು ಕುದುರೆಯ ಮೇಲೆ ಒಬ್ಬನೇ ಕೂರಲಾಗುವುದಿಲ್ಲ. ಬೆಳಿಗ್ಗೆ ಅಪ್ಪ ಪಂಚೆ ಕೊಡವಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತು, ಯಜಮಾನ ದೊಡ್ಡಣ್ಣನ ಮನೆಗೆ ಓಗಿ ಬತ್ತೀನಿ, ಮದ್ರಾಸ್ ಪಟ್ಟಣದ ವಕೀಲ್ರಿಗೆ ಕಾಗ್ದ ಬರ್ಸಿ ಮಡಗವ್ನಂತೆ, ಕೆಚ್ಚು ಮುಗಿಯೋದ್ರೊಳ್ಗೆ ನೀನು ಒಂದು ಮಾತು ಯೋಳ್ಬುಡು ಕುಪ್ಪು, ಬ್ಯಾಡ ಅಂದ್ರೆ ಬ್ಯಾಡ ಅನ್ನು, ಸುಮ್ಕೆ ಮಾತ್ರ ಇರ್ಬ್ಯಾಡ ಎಂದಿದ್ದ. ಬೈದಿದ್ದರೆ ಎಷ್ಟೋ ಸುಲಭವಿತ್ತು, ಅಪ್ಪ ಬೈಯಲಿಲ್ಲ.

ಅಪ್ಪ ಚಿಕ್ಕಣ್ಣ ಬೈಯುವ ಮನುಷ್ಯನೇ ಅಲ್ಲ, ಮಾತಾಡುವ ಮನುಷ್ಯನೂ ಅಲ್ಲ, ಲಾಳಿ ಎಸೆಯುತ್ತ ಎಸೆಯುತ್ತ ಮಾತು ಲಾಳಿಯ ಜೊತೆಗೇ ಹೋಗಿಬಿಟ್ಟಿದೆ, ಆದರೆ ಒಂದು ದಿನ ಮಾತಾಡಬೇಕಾಗಿ ಬಂದಿತ್ತು — ಕುಪ್ಪುಸ್ವಾಮಿ ಆಗ ಇಂಟರ್‌ಮೀಡಿಯೆಟ್, ಜೊತೆಗೆ ಹೋಗಿದ್ದ, ಕೋರ್ಟಿನ ಹಿಂದಿನ ಸಾಲಿನಲ್ಲಿ ಕೂತಿದ್ದ. ಬೆಳಗಾಗುವ ಹೊತ್ತಿಗೆ ಬೀದಿಯ ಉದ್ದಕ್ಕೂ ಹಾಸು ಎಳೆದು ಕಟ್ಟಿ ಗಂಜಿ ಹಚ್ಚಿ ಕುಂಚದಲ್ಲಿ ತೀಡುವುದು, ಅಜ್ಜನ ಕಾಲದಿಂದ ನಡೆದದ್ದು, ಬೀದಿ ಇರುವುದೇ ಅದಕ್ಕೆ ಎಂದು ಎಲ್ಲರೂ ತಿಳಿದಿದ್ದರು, ಯಾರೋ ಹೊಸಬರು ಮೂಲೆ ಮನೆ ಕೊಂಡು ಮೋಟಾರು ತಂದರು, ದಾರಿಗೆ ಅಡ್ಡ ಎಂದು ದೂರು ಕೊಟ್ಟರು, ಬೀದಿಯ ಪರವಾಗಿ ಅಪ್ಪನನ್ನು ಕಟಕಟೆಗೆ ಹತ್ತಿಸಿದರು. ಒಗೆದ ಪಂಚೆ, ಮೇಲೆ ತಾನೇ ನೇಯ್ದ ಅಂಚಿನ ವಸ್ತ್ರ. ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಗುಮಾಸ್ತ ಅದನ್ನು ತಮಿಳು ಮಾಡುತ್ತಾನೆ, ಅಪ್ಪ ಬಾಯಿ ತೆರೆಯುವಷ್ಟರಲ್ಲಿ ನಮ್ಮ ವಕೀಲರೇ ಎದ್ದು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಡುತ್ತಾರೆ, ಅಪ್ಪ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಕತ್ತು ತಿರುಗಿಸುತ್ತ ನಿಂತಿದ್ದಾನೆ, ಕೈ ಮುಗಿದದ್ದು ಮುಗಿದ ಹಾಗೆಯೇ. ಕೊನೆಗೆ ಏನಾಯಿತೆಂದು ಅಪ್ಪನಿಗೆ ಮೆಟ್ಟಿಲು ಇಳಿದ ಮೇಲೆ ಗೊತ್ತಾಯಿತು, ಹೊತ್ತು ಹುಟ್ಟುವ ಮುಂಚೆ ಕೆಲಸ ಮುಗಿಸಿ ಬೀದಿ ಬಿಟ್ಟುಕೊಡಬೇಕಂತೆ, ಅದನ್ನೂ ಮಗನೇ ಹೇಳಬೇಕಾಯಿತು. ಮನೆಗೆ ನಡೆದು ಬರುವಾಗ, ಅಮ್ಮಾಪೇಟೆಯ ಬಾಯಿಗೆ ಬಂದ ಮೇಲೆ ಅಪ್ಪ, ನನ್ ಬೀದಿ ವಿಸ್ಯ ಕಣ್ಲಾ, ನನ್ನೇ ನಿಲ್ಸಿ ನನ್ಗೆ ತಿಳೀದೆ ಮಾತಾಡ್ಕೊಂಡ್ರು, ನೀನು ಓದು ಕುಪ್ಪು, ನಮ್ಗೂ ಒಂದು ಬಾಯಿ ಬೇಕು. ಆ ಮಾತು ಅಷ್ಟೇ, ಎರಡನೇ ಸಲ ಅಂದದ್ದಿಲ್ಲ, ಎರಡನೇ ಸಲ ಅನ್ನಬೇಕಾಗಿಯೂ ಇರಲಿಲ್ಲ. ಅದಕ್ಕೇ ಬೀದಿಯ ಯಜಮಾನ ದೊಡ್ಡಣ್ಣ ಮದ್ರಾಸಿನಲ್ಲಿ ಇರಲು ಜಾಗ ನೋಡಿದ್ದಾನೆ, ನಮ್ಮವರದೇ ಮನೆಯಂತೆ, ಊಟಕ್ಕೆ ತೊಂದರೆಯಿಲ್ಲವಂತೆ, ಎರಡು ವರ್ಷ ಕಣ್ಣು ಮುಚ್ಚಿ ಕಳೆದುಬಿಟ್ಟರೆ ಕರೀಕೋಟು ಹಾಕಿಕೊಂಡು ಬಂದು ನಿಲ್ಲುತ್ತಾನಂತೆ ಚಿಕ್ಕಣ್ಣನ ಮಗ, ಬೀದಿಗೆಲ್ಲ ಇದೇ ಮಾತು. ಇಂಥ ಮಾತಿಗೆ ಬೇಡ ಎನ್ನುವವನು ಕಲ್ಲೆದೆಯವನೇ ಇರಬೇಕು, ಕುಪ್ಪುಸ್ವಾಮಿಯ ಎದೆ ಕಲ್ಲಲ್ಲ, ಅವನ ಎದೆ ಅಡ್ಡಗೋಡೆಯ ಮೇಲಿಟ್ಟ ದೀಪ, ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು.

ಮೂರನೇ ಪುಂಜ, ಅರ್ಧ ದಾಟಿತು, ಗಾಳಿ ಜೋರಾಯಿತು, ಅರ್ಜಿ ಪಟಪಟ ಎಂದಿತು — ಮೇಲಿರುವುದು ಎಲ್.ಟಿ.ಯದು, ಕತ್ತು ಚಾಚಿ ನೋಡಿದ, ಹೆಸರು ಬರೆದಿದ್ದಾನೆ, ತಂದೆಯ ಹೆಸರು ಬರೆದಿದ್ದಾನೆ, ಕಸುಬು ನೇಯ್ಗೆ, ಬೋಧನೆಗೆ ಆರಿಸಿಕೊಳ್ಳುವ ವಿಷಯ ಗಣಿತ, ಅದರ ಕೆಳಗೆ ಒಂದು ಸಾಲು, ಈ ವೃತ್ತಿಯನ್ನು ಏಕೆ ಬಯಸುತ್ತೀರಿ, ಅದರ ಮುಂದೆ ಖಾಲಿ, ಒಂದೂವರೆ ಗೆರೆಯಷ್ಟು ಜಾಗ, ಒಂದೂವರೆ ಗೆರೆಯಲ್ಲಿ ಯಾರು ಏನು ಬರೆಯುತ್ತಾರೋ, ಕಣ್ಣು ಅಲ್ಲೇ ಇದ್ದರೂ ಬೆರಳು ನಿಲ್ಲಲಿಲ್ಲ, ಸಿಕ್ಕ ಎಳೆ ಹಿಡಿದು ಹೊಸೆಯಿತು, ಮುಂದಿನದು. ಆ ಕಾಗದ ಕೊಟ್ಟವರು ಕೊಡೆ ಹಿಡಿದು ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರು. ಧರ್ಮಪುರಿ ಕಡೆಯ ನಲ್ಲಂಪಳ್ಳಿಯ ಶಾಲೆ, ಎರಡು ಕೋಣೆ, ಒಂದು ಬೇವಿನ ಮರ, ರಜೆಯ ಮೇಲೆ ಹೋದ ಮೇಷ್ಟ್ರ ಬದಲಿಗೆ ಒಂದು ವರ್ಷ ಅವನು, ಬಿ.ಎ. ಎಂದು ಊರೆಲ್ಲ ಮರ್ಯಾದೆ, ಪಾಠ ಹೇಳಲು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಮಕ್ಕಳಲ್ಲಿ ಅರ್ಧ ಜನ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಅವನು ಚಿಕ್ಕಂದಿನಲ್ಲಿ ಇದ್ದ ಹಾಗೆಯೇ. ಮಂಗಮ್ಮ ಎನ್ನುವ ಹುಡುಗಿ, ಹೊಲದ ಮನೆಯವಳು, ಮೊಣಕಾಲಿಗೆ ಕೆಂಪುಮಣ್ಣು, ಏಳರ ಮಗ್ಗಿ ಕೇಳಿದರೆ ಬಾಯಿ ಬಿಡುವುದಿಲ್ಲ, ತಮಿಳಿನಲ್ಲಿ ಕೇಳಿದ, ಕನ್ನಡದಲ್ಲಿ ಕೇಳಬಹುದಿತ್ತು, ಕೇಳಲಿಲ್ಲ, ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತಿದ್ದರು, ಅವರ ಮುಂದೆ ಕನ್ನಡ ಆಡಿದರೆ ಹಟ್ಟಿಯವನು ಎಂದುಕೊಂಡಾರು ಎಂದು, ಮತ್ತೆ ಕೇಳಿದ, ಅವಳು ಮತ್ತೆ ಸುಮ್ಮನೆ, ಆಗ ಅವನ ಬಾಯಿಂದ ಆ ಮಾತು ಬಂತು — ಏರು ಪೆಂಚ್ ಮೇಲೆ. ಹುಡುಗಿ ಲಂಗ ಹಿಡಿದುಕೊಂಡು ಬೆಂಚು ಹತ್ತಿದಳು, ಅಳಲಿಲ್ಲ, ಅಭ್ಯಾಸವಾದವಳ ಹಾಗೆ ಹತ್ತಿದಳು. ಮಾತು ಅವನದು, ದನಿ ಅವನದಲ್ಲ, ಆ ದನಿ ಯಾರದೆಂದು ಅವನಿಗೆ ಗೊತ್ತಿತ್ತು, ಆ ದಿನ ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದವನು ಹಾಗೆಯೇ ಮತ್ತೆ ಕಟ್ಟಿಟ್ಟ.

ಹದಿನಾಲ್ಕು ವರ್ಷದ ಹಿಂದಿನ ದನಿ ಅದು. ಅಪ್ಪ ಇಬ್ಬರನ್ನೂ ಒಟ್ಟಿಗೆ ಒಂದೇ ತರಗತಿಗೆ ಸೇರಿಸಿದ್ದ, ಇವನಿಗೆ ಎಂಟು, ಈಶ್ವರಿಗೆ ಒಂಬತ್ತು, ನಮ್ಮ ಬೀದಿಯದು ಬೇಡ ಊರ ನಡುವಿನ ಶಾಲೆಯೇ ಆಗಲಿ ಎಂದು, ಅಷ್ಟು ದೂರದ ದಾರಿ, ಗಾಡಿಗಳು, ತಮ್ಮನ ಕೈ ಹಿಡಿದು ಕರೆದುಕೊಂಡು ಹೋಗಲು ಒಬ್ಬರು ಬೇಕಲ್ಲ, ಅದಕ್ಕೇ ಅವಳಿಗೂ ಸ್ಲೇಟು ಬಂತು, ಹಾಗೆ ಬಂದ ಸ್ಲೇಟನ್ನು ಅವಳು ಬೂದಿ ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿ ಇಟ್ಟುಕೊಂಡಿದ್ದಳು. ತರಗತಿಯಲ್ಲಿ ನೇಕಾರರ ಮಕ್ಕಳು ಇವರಿಬ್ಬರೇ, ಉಳಿದವರೆಲ್ಲ ಅಂಗಡಿಯವರ ಮಕ್ಕಳು, ಕಚೇರಿಯವರ ಮಕ್ಕಳು, ಇವನು ಅವರ ನಡುವೆ ಜಾಗ ಮಾಡಿಕೊಳ್ಳಲು ಒದ್ದಾಡುತ್ತಿದ್ದ, ಅವರ ಹಾಗೆ ತಮಿಳು, ಅವರ ಹಾಗೆ ತಲೆ ಬಾಚಿಕೊಳ್ಳುವುದು. ಮೇಷ್ಟ್ರು ಕೇಳಿದರು, ಇನ್ನೂರ ನಲವತ್ತರಲ್ಲಿ ಅರ್ಧ ಎಷ್ಟು, ಯಾರೂ ಕೈ ಎತ್ತುವ ಮೊದಲೇ ಈಶ್ವರಿ ಎದ್ದು ನಿಂತಳು, ಕಣ್ಣು ಹೊಳೆಯುತ್ತಿತ್ತು, ಒಂದು ಪುಂಜ ಸಾರ್. ಎನ್ನ ಸೊನ್ನೆ, ಏನಂದೆ. ಒಂದು ಪುಂಜ ಸಾರ್. ಕಣಕ್ಕು ಕೇಟ್ಟಾ ನೂಲು ವಿಕ್ಕಿರಿಯಾ, ಲೆಕ್ಕ ಕೇಳಿದರೆ ನೂಲು ಮಾರಲು ಬಂದಳಪ್ಪ ಇವಳು, ತರಗತಿಯೆಲ್ಲ ನಕ್ಕಿತು, ಏರು ಪೆಂಚ್ ಮೇಲೆ. ಅವಳು ಹತ್ತಿದಳು. ಹತ್ತಿ ನಿಂತು ಇವನ ಕಡೆ ನೋಡಿದಳು, ನೀನು ಹೇಳು ಎಂಬಂತೆ, ಯಾಕೆಂದರೆ ಇಡೀ ತರಗತಿಯಲ್ಲಿ, ಮೇಷ್ಟ್ರನ್ನೂ ಸೇರಿಸಿ, ಪುಂಜ ಎಂದರೆ ನೂರಿಪ್ಪತ್ತು ಎಂದು ಗೊತ್ತಿದ್ದವನು ಇವನೊಬ್ಬನೇ, ಅಕ್ಕನ ಉತ್ತರ ಸರಿ ಎಂದು ಗೊತ್ತಿದ್ದವನು ಇವನೊಬ್ಬನೇ, ಎದ್ದು ಒಂದು ಮಾತು, ನೂರಿಪ್ಪತ್ತು ಸಾರ್, ಅವಳು ಹೇಳಿದ್ದು ಅದೇ ಸಾರ್, ಅಷ್ಟು ಸಾಕಿತ್ತು — ಇವನು ನಕ್ಕ. ಪಕ್ಕದ ಹುಡುಗ ನಗುತ್ತಿದ್ದ, ಇವನೂ ನಕ್ಕ, ಅವನಿಗಿಂತ ಜೋರಾಗಿ ನಕ್ಕ. ಸಂಜೆ ಮನೆಗೆ ಬರುವಾಗ ಅವಳು ದಿನದ ಹಾಗೆಯೇ ಕೈ ಹಿಡಿದುಕೊಂಡಳು, ಗಾಡಿ ಬಂದರೆ ದಿನದ ಹಾಗೆಯೇ ಬದಿಗೆ ಎಳೆದುಕೊಂಡಳು, ಮನೆ ಮುಟ್ಟಿದ ಮೇಲೆ ಅಪ್ಪನಿಗೆ, ನಾಳೆಯಿಂದ ನಾನು ಓಗಕಿಲ್ಲ, ಅವ್ನಿಗೆ ದಾರಿ ತಿಳಿದೈತೆ ಎಂದಳು, ಹೆಣ್ಣುಮಗು, ಓದಿದ್ದು ಸಾಕೆಂದು ಮನೆಯವರೂ ಸುಮ್ಮನಾದರು, ಮಾರನೆಯ ದಿನ ಅಜ್ಜಿಯ ಪಕ್ಕ ಬೂದಿಯ ಚಿಪ್ಪು ಇಟ್ಟುಕೊಂಡು ಕೂತಳು. ಆ ಸ್ಲೇಟು ಏನಾಯಿತೋ ಅವನಿಗೆ ಗೊತ್ತಿಲ್ಲ, ಕೇಳುವ ಧೈರ್ಯ ಇವತ್ತಿನವರೆಗೆ ಬಂದಿಲ್ಲ.

ಏನ್ಲಾ, ಎಳೆ ಇಡ್ಕೊಂಡು ನಿದ್ದೆ ಒಡೀತೀಯಾ, ಎಂದಳು ಈಶ್ವರಿ, ತಲೆ ಎತ್ತದೆ. ಇಲ್ಲ ಅಕ್ಕ. ಇಲ್ಲ ಅಂದ್ರೆ ಕೈ ಯಾಕೆ ನಿಂತೈತೆ. ಅವಳ ಮುಂದೆ ಎಂಟು ಬೀಜ, ತುಟಿ ಅಲುಗುತ್ತಲೇ ಇದೆ, ಮಾತಾಡುವಾಗಲೂ ಒಳಗೆ ಎಣಿಕೆ ನಿಲ್ಲುವುದಿಲ್ಲ ಅವಳಿಗೆ, ಇದು ಯಾವ ಪುಸ್ತಕದಲ್ಲೂ ಇಲ್ಲದ ವಿದ್ಯೆ. ಒಳಗಿಂದ ಅಮ್ಮ ವಳ್ಳಿಯಮ್ಮ ಗಂಜಿ ತಿರುವುತ್ತ, ಇಬ್ರೂ ಒಂದ್ ವಾಯ್ ಸಾಪ್ಪಿಟ್ಟು, ಒಂದ್ ತುತ್ತು ತಿಂದು ಕೂತ್ಕೊಳ್ರಿ, ರೈಲಿಗೆ ಓಗೋ ಮಗ ಹಸ್ಕೊಂಡು ಓಗ್ಬಾರ್ದು, ಆಯ್ತಮ್ಮ ಆಯ್ತು, ಇದ ಮುಗಿಸ್ಬುಟ್ಟು, ಎಂದಳು ಈಶ್ವರಿ. ನಲ್ಲಂಪಳ್ಳಿಯಲ್ಲಿ ಆ ಬೆಂಚಿನ ಮಾರನೆಯ ದಿನ ಅವನು ಹೆಡ್‌ಮಾಸ್ಟರು ಇರಲಿ ಬಿಡಲಿ ಎಂದು ಮಂಗಮ್ಮನ ಮುಂದೆ ನೆಲದಲ್ಲೇ ಕೂತುಬಿಟ್ಟಿದ್ದ, ನಿಮ್ ಮನೇಲಿ ಎಷ್ಟು ಕುರಿ ಐತವ್ವ, ಎಂದು ಕೇಳಿದ, ಹುಡುಗಿ ಮುಖ ಎತ್ತಿದಳು, ಮೇಷ್ಟ್ರ ಬಾಯಲ್ಲಿ ಮನೆಯ ಮಾತು ಕೇಳಿ ಹೆದರಿದಳೋ ಏನೋ, ಆಮೇಲೆ, ಏಳು ಐತೆ ಸಾರ್, ಕರಿಯದು ಮೂರು ಬಿಳಿಯದು ನಾಕು, ಹಾಗಾದ್ರೆ ಏಳು ಕುರೀಗೆ ಎಷ್ಟು ಕಾಲು, ಅವಳು ಬೆರಳು ಮಡಿಸಲಿಲ್ಲ, ಕಣ್ಣು ಮುಚ್ಚಿ ಕುರಿಗಳನ್ನೇ ನೋಡಿ ಬಂದು, ಇಪ್ಪತ್ತೆಂಟು. ಎರಡು ವಾರಕ್ಕೆ ಮಗ್ಗಿಯೆಲ್ಲ ಬಂತು, ಕುರಿಯ ಕಾಲಿನಿಂದ ಶುರುವಾಗಿ, ತಮಿಳಿನಲ್ಲೂ ಬಂತು, ತನ್ನ ಮಾತಿನಲ್ಲಿ ಹತ್ತಿದವಳು ಇನ್ನೊಂದು ಮಾತಿನಲ್ಲಿ ಇಳಿಯಲು ಹೆದರಲಿಲ್ಲ. ಇನ್‌ಸ್ಪೆಕ್ಟರು ಬಂದ ದಿನ ಹಿಂದೆ ಕೂತು ಕೊಡೆಯ ಹಿಡಿಯ ಮೇಲೆ ಗಲ್ಲ ಇಟ್ಟುಕೊಂಡು ಎಲ್ಲ ಕೇಳಿದರು, ಕೊನೆಗೆ ಹೊರಗೆ ಕರೆದು, ಹೀಗೆ ಕೇಳಲು ನಿನಗೆ ಯಾರು ಕಲಿಸಿದರು, ಯಾರೂ ಇಲ್ಲ ಸಾರ್, ಟ್ರೈನಿಂಗ್ ಆಗಿದೆಯಾ, ಇಲ್ಲ ಸಾರ್, ಹಾಗಾದರೆ ನಿನ್ನನ್ನು ಇಟ್ಟುಕೊಳ್ಳಲಾಗುವುದಿಲ್ಲ, ನಿಯಮ, ಅವನ ಮುಖ ಸಪ್ಪಗಾದದ್ದು ನೋಡಿ, ಕೇಳು ತಂಬಿ, ಒಬ್ಬಳ ಕುರಿ ನಿನಗೆ ಅದೃಷ್ಟಕ್ಕೆ ಸಿಕ್ಕಿತು, ನಲವತ್ತು ಮಕ್ಕಳ ಕುರಿ ಎಲ್ಲೆಲ್ಲಿ ಮೇಯುತ್ತಿದೆ ಎಂದು ಹುಡುಕುವುದನ್ನು ಕಲಿಯಬೇಕು, ಕಲಿಯದಿದ್ದರೆ ನಿನಗೆ ಮೊದಲು ಪಾಠ ಹೇಳಿದವನ ಹಾಗೆಯೇ ನೀನೂ ಹೇಳುತ್ತೀಯೆ, ಮನುಷ್ಯನಿಗೆ ಕೈಗೆ ಮೊದಲು ಬರುವುದು ಅದೇ, ಮದ್ರಾಸಿನ ಸೈದಾಪೇಟೆಯ ಟ್ರೈನಿಂಗ್ ಕಾಲೇಜಿಗೆ ಹೋಗು, ಎಂದು ಚೀಲದಿಂದ ಆ ಕಾಗದ ತೆಗೆದು ಕೊಟ್ಟರು. ಬೆಂಚಿನ ವಿಷಯ ಅವರಿಗೆ ಹೇಗೆ ಗೊತ್ತು ಎಂದು ಕುಪ್ಪುಸ್ವಾಮಿಗೆ ಮೈ ಜುಮ್ಮೆಂದಿತ್ತು. ಧರ್ಮಪುರಿಯಲ್ಲಿ ಸಣ್ಣ ರೈಲು ಹತ್ತಿ ಮೊರಪ್ಪೂರಿನಲ್ಲಿ ಇಳಿದು, ದೊಡ್ಡ ರೈಲಿಗೆ ಕಾಯುತ್ತ ಸಿಮೆಂಟಿನ ಬೆಂಚಿನ ಮೇಲೆ ಎರಡು ಗಂಟೆ ಆ ಕಾಗದ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಹಳಿಯ ಆಚೆ ಹುಣಿಸೆಮರ, ಮಾವಿನಹಣ್ಣಿನ ಬುಟ್ಟಿಗಳು, ಮನಸ್ಸು ಹಗುರವಾಗಿತ್ತು, ಸೇಲಂ ಬಂದು ಅಪ್ಪನ ಮುಖ ನೋಡುವವರೆಗೂ ಹಗುರವಾಗಿಯೇ ಇತ್ತು. ನಮ್ಗೂ ಒಂದು ಬಾಯಿ ಬೇಕು. ನಿಜ, ಬಾಯಿ ಬೇಕು, ಆದರೆ ಇವನೊಬ್ಬ ಕರೀಕೋಟು ಹಾಕಿಕೊಂಡು ಅಪ್ಪನ ಪರವಾಗಿ ಎದ್ದು ನಿಂತರೂ ಅಪ್ಪ ಕಟಕಟೆಯಲ್ಲಿ ಹಾಗೇ ಕತ್ತು ತಿರುಗಿಸುತ್ತ ನಿಂತಿರುತ್ತಾನಲ್ಲ, ಒಂದು ಬೀದಿಗೆ ಒಂದು ಬಾಯಿ ಸಾಕೇ, ಈ ಪ್ರಶ್ನೆಗೆ ಒಂದೂವರೆ ಗೆರೆಯಲ್ಲಿ ಜಾಗವಿಲ್ಲ.

ನನ್ ಮಗ್ಳು ಅಂಜಮ್ಮನ್ನ ಈ ತಿಂಗ್ಳು ಇಸ್ಕೂಲಿಗೆ ಆಕ್ಬೇಕು ಅಂತವ್ರೆ ಅವ್ರು, ಈಶ್ವರಿ ಹೇಳಿದಳು, ಅವ್ರು ಎಂದರೆ ಗಂಡ ಪಳನಿಸ್ವಾಮಿ, ಅದೇ ಇಸ್ಕೂಲಿಗೆ. ಯಾವುದಕ್ಕ. ಅದೇ ಕಣ್ಲಾ, ಊರ ನಡುವಿಂದು, ಅಂಜಮ್ಮ ಈಗ್ಲೇ ಮೂರು ಪುಂಜದ ತನ್ಕ ಎಣಿಸ್ತಾಳೆ, ಬೆಳಿಗ್ಗೆ ಎದ್ರೆ ಸಾಕು ಪುಂಜ ಪುಂಜ ಅಂತಾಳೆ, ಅವ್ಳ ಬಾಯಿ ಮುಚ್ಚಿಸಿ ಕಳಿಸ್ಲಾ, ಇಲ್ಲಾ ಅಂಗೇ ಕಳಿಸ್ಲಾ, ನೀನು ಓದ್ದೋನು, ಯೋಳು. ನಗುತ್ತಲೇ ಕೇಳಿದಳು, ಕಣ್ಣು ಎಳೆಯ ಮೇಲೆಯೇ. ಅವನು ಹೇಳಬೇಕೆಂದುಕೊಂಡದ್ದು ಹದಿನಾಲ್ಕು ವರ್ಷದಿಂದ ಒಳಗೇ ಕೂತಿದೆ, ಅಕ್ಕ ಆವತ್ತು ನಾನು — ಎಂದ, ಅಷ್ಟಕ್ಕೇ ನಿಂತ, ಅವಳು ಹ್ಞೂಂ ಎಂದಳು, ಮುಂದೆ ಹೇಳು ಎಂದೋ, ಗೊತ್ತು ಬಿಡು ಎಂದೋ, ಹತ್ತನೇ ಬೀಜ ಇಟ್ಟಳು. ಈಗ ಕೈಗಳು ಹತ್ತಿರ ಹತ್ತಿರ, ಅವಳ ಬೆರಳಿನ ಬೂದಿ, ಅವನ ಬೆರಳಿನ ಬೂದಿ, ನಡುವೆ ಒಂದು ಗೇಣು, ನಾಲ್ಕು ಬೆರಳು, ಎರಡು ಬೆರಳು, ಅವಳ ಮುಂದೆ ಹನ್ನೊಂದು ಬೀಜ, ಅವನ ಮುಂದೆ ನಾಲ್ಕು, ಐದನೆಯದನ್ನು ಕೈಯಲ್ಲಿ ಹಿಡಿದುಕೊಂಡಿದ್ದಾನೆ, ಹೊಸ ಹಾಸಿನ ಕೊನೆಯ ಎಳೆ ಎತ್ತಿ ಹೊಸೆದ, ಎಳೆದ, ನಿಂತಿತು, ಮುಗಿಯಿತು ಎಂದು ಬೆನ್ನು ನೆಟ್ಟಗೆ ಮಾಡಿದರೆ — ಮುಗಿದಿಲ್ಲ. ಅಚ್ಚಿನಿಂದ ಹಳೆಯ ಎಳೆ ಒಂದು ಹೊರಗೆ ಬಂದು ಜೋಡಿಯಿಲ್ಲದೆ ನೇತಾಡುತ್ತಿದೆ, ಕಿಟಕಿಯ ಬಿಸಿಲು ಅದರ ಮೇಲೆಯೇ ಬಿದ್ದಿದೆ, ಗಾಳಿಗೆ ಒಂದಿಷ್ಟು ಅಲುಗುತ್ತದೆ. ಒಂಟಿ ಎಳೆ. ಎಲ್ಲೋ ಹೊಸ ಎಳೆ ಎರಡನ್ನು ಒಂದಕ್ಕೇ ಹೊಸೆದಿದ್ದಾರೆ, ಅದಿಲ್ಲದೆ ಹೀಗಾಗುವುದಿಲ್ಲ, ಯಾರು ಎಂದು ಕೇಳುವ ಹಾಗೂ ಇಲ್ಲ, ಈಶ್ವರಿಯ ಕೈ ತಪ್ಪುವುದಿಲ್ಲ, ಗಣಿತದಲ್ಲಿ ಬಿ.ಎ. ಮಾಡಿದವನದೇ, ಸಾವಿರದ ಒಂಬೈನೂರ ಇಪ್ಪತ್ತರಲ್ಲಿ ಒಂದನ್ನು ಈಗ ಎಲ್ಲಿಂದ ಹುಡುಕುವುದು, ಎರಡೂವರೆಗೆ ರೈಲು. ನಿನ್ ಮೂರ್ನೇ ಪುಂಜ, ಎಂದಳು ಈಶ್ವರಿ, ಎಪ್ಪತ್ತೆರಡು ಎಪ್ಪತ್ಮೂರು, ಅಲ್ಲಿ ನೋಡು. ಬಗ್ಗಿ ಎಣಿಸಿ ನೋಡಿದ, ಅಲ್ಲೇ ಇದೆ, ಒಂದು ತಿರುವಿನೊಳಗೆ ಎರಡು ಹೊಸ ಎಳೆ ಮುದ್ದೆಯಾಗಿ ಕೂತಿವೆ. ನಿಂಗೆ ಹೆಂಗ್ ತಿಳೀತಕ್ಕ. ನನ್ದೂ ಎಣಿಸ್ತಿದ್ದೆ, ನಿನ್ದೂ ಎಣಿಸ್ತಿದ್ದೆ, ಆಗ ನೀನು ಕತ್ತು ಎತ್ತಿ ಆ ಕಾಗ್ದ ನೋಡ್ದೆ, ಆಗ್ಲೇ ಅಂದ್ಕೊಂಡೆ ಇವ್ನು ಅಲ್ಲಿ ಒಂದು ಬಿಟ್ಟ ಅಂತ. ಎರಡು ಎಣಿಕೆ, ಒಂದೇ ತಲೆಯಲ್ಲಿ, ಬೆಳಗಿನಿಂದ, ಮಾತಾಡುತ್ತ, ಮಗಳ ಚಿಂತೆ ಮಾಡುತ್ತ — ಈ ತಲೆಯನ್ನು ಬೆಂಚು ಹತ್ತಿಸಿದರು, ಈ ತಲೆಯನ್ನು ನೋಡಿ ಅವನು ನಕ್ಕ. 

ಈಶ್ವರಿ ಬೂದಿಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಅವನ ಮುಖ ನೋಡಿದಳು, ತುಂಟತನ ಕಣ್ಣಿಗೆ ಬಂತು, ಏನ್ಲಾ, ಲೆಕ್ಕ ತಪ್ಪಿದ್ಯಲ್ಲ, ಏರು ಬೆಂಚಿನ್ ಮ್ಯಾಲೆ, ಎಂದಳು. ಎಂದು ನಕ್ಕಳು, ಅವನ ಮೇಲೆ ಅಲ್ಲ, ಅವನ ಜೊತೆಗೆ ನಗುವುದಕ್ಕೆ, ಆದರೆ ಅವನಿಗೆ ನಗು ಬರಲಿಲ್ಲ, ಕಣ್ಣು ತುಂಬಿತು, ಇಷ್ಟು ವರ್ಷ ಮರೆತಿದ್ದಾಳೆ ಎಂದುಕೊಂಡಿದ್ದ, ಒಂದು ದಿನವೂ ಮರೆತಿರಲಿಲ್ಲ ಅವಳು, ಅಳ್ಬ್ಯಾಡ ಸುಮ್ಕಿರು, ಚಿಕ್ಕೋನು ನೀನು ಆಗ, ಆ ಎಳೆ ಬಿಡಿಸಿ ಹಾಸಿನ ಕಡ್ಡಿಯ ಹಿಂದಿಂದ ಅಡ್ಡ ತಕ್ಕೊಂಡು ಬಂದು ಇದಕ್ಕೆ ಕೂಡಿಸು, ಒಂದು ಅಂಗುಲ ಬಟ್ಟೆ ಸೊಟ್ಟ ಬತ್ತದೆ, ಆಮ್ಯಾಕೆ ಗೊತ್ತೇ ಆಗಾಕಿಲ್ಲ. ಅವನು ಎದ್ದ, ಕಲ್ಲಿನಡಿಯಿಂದ ಕಾಗದ ಎಳೆದ, ಮೇಲಿನದನ್ನೇ, ಪೆನ್ನು ತೆಗೆದು ಖಾಲಿ ಗೆರೆಯ ಮುಂದೆ ಬರೆದ, ನನ್ನ ಅಕ್ಕನ ಉತ್ತರ ಸರಿಯಾಗಿತ್ತು ಎಂದು ಇಂಗ್ಲಿಷಿನಲ್ಲಿ ಬರೆದ, ಅರ್ಧ ಗೆರೆಯೂ ಆಗಲಿಲ್ಲ, ಓದಿದವರಿಗೆ ಏನು ಅರ್ಥವಾಗುತ್ತದೋ ಆಗಲಿ, ಕೇಳಿದರೆ ಎದ್ದು ನಿಂತು ಹೇಳುತ್ತಾನೆ, ಮೂಲೆಯಲ್ಲಿ ಬೂದಿಯ ಬೆರಳು ಒತ್ತಿತ್ತು, ಅದೂ ಇರಲಿ. ಅಷ್ಟರಲ್ಲಿ ಬಾಗಿಲು ಕತ್ತಲಾಯಿತು, ಅಪ್ಪ, ಕೈಯಲ್ಲಿ ದೊಡ್ಡಣ್ಣನ ಕಾಗದ. ಯಾವ್ದು ಬರ್ದೆ ಕುಪ್ಪು. ಮೇಷ್ಟ್ರು ಕೆಲ್ಸದ್ದು ಅಪ್ಪ, ಎಲ್.ಟಿ. ಅಪ್ಪ ಮೆಲ್ಲಗೆ, ಇನ್ನ ಕೋಲ್ಟಾಗ ನಿಂತ್ಕೊಂಡು ಮಾತಾಡೋರು ಯಾರಪ್ಪ. ಅಂಜಮ್ಮ ಮಾತಾಡ್ತಾಳೆ ಅಪ್ಪ, ಈ ಬೀದಿ ಮಕ್ಳೆಲ್ಲಾ ಮಾತಾಡ್ತಾರೆ, ಅವ್ರ ಪರವಾಗಿ ಯಾರೂ ಎದ್ದು ನಿಲ್ಲೋದು ಬ್ಯಾಡ, ಅವ್ರೇ ನಿಲ್ತಾರೆ. ಕುಪ್ಪುಸ್ವಾಮಿ ಪೂರ್ತಿ ಹೇಳಿದ, ಒಂದು ಮಾತನ್ನು ಪೂರ್ತಿ ಹೇಳಿ ಎಷ್ಟು ಕಾಲವಾಗಿತ್ತೋ. ಅಪ್ಪ ಈಶ್ವರಿಯ ಕಡೆ ನೋಡಿದ, ಈಶ್ವರಿ ಹುಣಿಸೆಬೀಜಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅಪ್ಪ ಮಗ್ಗದ ಹತ್ತಿರ ಬಂದ, ದೊಡ್ಡಣ್ಣನ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ, ಬಗ್ಗಿದ, ನೇಕಾರನ ಕಣ್ಣು, ಎಲ್ಲಕ್ಕಿಂತ ಮೊದಲು ಕಂಡದ್ದು ಅದೇ, ಇದ್ಯಾಕೆ ಈ ಎಳೆ ಒಂದೇ ನಿಂತೈತೆ. ನಾನು ಬುಟ್ಟಿದ್ದಪ್ಪ. ಯಾವಾಗ. ಕುಪ್ಪುಸ್ವಾಮಿ ಅಕ್ಕನನ್ನು ನೋಡಿದ. ಭಾಳ ಮುಂಚೆ, ಎಂದ. ಅಪ್ಪ ಚಿಪ್ಪನ್ನು ಅವನ ಕಡೆಗೆ ಸರಿಸಿದ, ಮೊದ್ಲು ಅದ ಕೆಚ್ಚು, ಆಮ್ಯಾಕೆ ರೈಲು, ಟೇಸನ್‌ಗೆ ನಾನೂ ಬತ್ತೀನಿ. ಬೂದಿ, ಹೆಬ್ಬೆರಳಿಗೆ ಒಂದಿಷ್ಟು, ತೋರುಬೆರಳಿಗೆ ಒಂದಿಷ್ಟು, ಮೂರನೇ ಪುಂಜದಿಂದ ಬಿಡಿಸಿದ ಎಳೆ ಅಷ್ಟು ದೂರ ಅಡ್ಡ ಬಂದು ಎಡಗೈಯಲ್ಲಿ, ಬಿಸಿಲಿನಲ್ಲಿ ಅಲುಗುತ್ತಿರುವ ಹಳೆಯ ಎಳೆ ಬಲಗೈಯಲ್ಲಿ, ಇನ್ನೂ ಕೂಡಿಲ್ಲ, ಎರಡೂ ತುದಿ ಪಕ್ಕಪಕ್ಕ, ನಡುವೆ ಒಂದು ಕೂದಲೆಳೆಯಷ್ಟು ಬೆಳಕು.